ಪೇಟೆ ನಿಧಾನಕ್ಕೇ ಏಳಲಿ, ಆದರೆ ಲೆಕ್ಕ ಯಾರು ಕೊಡಬೇಕು?

ಪ್ರಶ್ನೆ: ನಮ್ಮ ಊರಿನ ನಡುವಿನ ಹಳೇ ಪೇಟೆ ಬೀದಿ ಸೊರಗಿ ಹೋಗಿದೆ. ಮೂರಕ್ಕೊಂದು ಅಂಗಡಿಗೆ ಬೀಗ ಬಿದ್ದಿದೆ. ಹತ್ತು ವರ್ಷದಿಂದ ‘ಪೇಟೆ ಅಭಿವೃದ್ಧಿ’ ಅಂತ ಹೇಳುತ್ತಲೇ ಇದ್ದಾರೆ. ಪ್ರತಿ ಚುನಾವಣೆಗೂ ಒಂದು ಹೊಸ ನಕ್ಷೆ ಬರುತ್ತದೆ. ಕೇಳಿದರೆ ‘ಇಂಥ ಕೆಲಸ ನಿಧಾನವೇ’ ಅನ್ನುತ್ತಾರೆ. ನಿಜಕ್ಕೂ ಇಷ್ಟು ನಿಧಾನ ಆಗುತ್ತದಾ? ಯಾರನ್ನು ಹಿಡಿದು ಕೇಳಬೇಕು? ಮುಂದಿನ ಸಲ ಇವರನ್ನು ಸೋಲಿಸಿದರೆ ಸರಿಹೋಗುತ್ತದಾ?

ಉತ್ತರ: ನಿಮಗೆ ಸಿಕ್ಕ ಉತ್ತರ ಪೂರ್ತಿ ಸುಳ್ಳಲ್ಲ. ಅದಕ್ಕೇ ಅದಕ್ಕೆ ಎದುರು ಮಾತಾಡುವುದು ಕಷ್ಟ. ಸೊರಗಿದ ಪೇಟೆ ಮತ್ತೆ ಚೇತರಿಸಿಕೊಳ್ಳಲು ಹತ್ತು, ಹದಿನೈದು, ಕೆಲವು ಕಡೆ ಮೂವತ್ತು ವರ್ಷವೂ ಹಿಡಿದಿದೆ. ಆದರೆ ನಿಧಾನಕ್ಕೆ ನಡೆಯುತ್ತಿರುವ ಕೆಲಸ ಬೇರೆ, ನಿಂತೇ ಹೋಗಿರುವ ಕೆಲಸ ಬೇರೆ. ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ‘ನಿಧಾನವೇ’ ಎಂಬ ಒಂದೇ ಮಾತು ಎರಡನ್ನೂ ಮುಚ್ಚಿಬಿಡುತ್ತದೆ. ಹಾಗಾಗಿ ‘ಯಾವಾಗ ಮುಗಿಯುತ್ತೆ?’ ಅಂತ ಕೇಳಬೇಡಿ. ಅದಕ್ಕೆ ಯಾವ ಉತ್ತರ ಬೇಕಾದರೂ ಕೊಡಬಹುದು. ಕಳೆದ ವರ್ಷ ಏನಾಯಿತು, ಈ ವರ್ಷ ಏನಾಗುತ್ತದೆ, ಅದಕ್ಕೆ ಹೊಣೆ ಯಾರು ಅಂತ ಕೇಳಿ.

ನಿಧಾನಕ್ಕೆ ನಡೆದ ಕೆಲಸ ಹೇಗಿರುತ್ತದೆ ಅಂತ ನೋಡಬೇಕಾದರೆ ಕೋಪನ್‌ಹೇಗನ್ ನೋಡಬೇಕು. ಅಲ್ಲಿನ ಮುಖ್ಯ ಪೇಟೆ ಬೀದಿ ಸ್ಟ್ರೋಯೆಟ್. ಅದರಲ್ಲಿ 1962ರ ನವೆಂಬರ್‌ನಲ್ಲಿ ವಾಹನ ನಿಲ್ಲಿಸಿ, ನಡೆಯುವವರಿಗೆ ಬಿಟ್ಟುಕೊಟ್ಟರು. ವ್ಯಾಪಾರ ಹಾಳಾಗುತ್ತದೆ ಅಂತ ಅಂಗಡಿಯವರೇ ವಿರೋಧಿಸಿದ್ದರು. ಆಗ ನಡೆಯುವವರಿಗೆ ಸಿಕ್ಕಿದ್ದು ಸುಮಾರು 15,800 ಚದರ ಮೀಟರ್ ಜಾಗ. 1996ರ ಹೊತ್ತಿಗೆ ಅದು ಸುಮಾರು 96,000 ಚದರ ಮೀಟರ್ ಆಯಿತು. ಅಂದರೆ ಆರು ಪಟ್ಟು ಆಗಲು ಮೂವತ್ತನಾಲ್ಕು ವರ್ಷ ಬೇಕಾಯಿತು. ವಾಹನ ನಿಲ್ಲಿಸುವ ಜಾಗವನ್ನೂ ವರ್ಷಕ್ಕೆ ಒಂದಿಷ್ಟು ಅಂತ ಕಡಿಮೆ ಮಾಡುತ್ತಾ ಬಂದರು. ಒಂದೇ ಸಲ ತೆಗೆದಿದ್ದರೆ ಗಲಾಟೆ ಆಗುತ್ತಿತ್ತು. ಜನ ಹೊಂದಿಕೊಳ್ಳಲು ಸಮಯ ಕೊಟ್ಟರು. ಇಷ್ಟೇ ಮುಖ್ಯವಾದ ಇನ್ನೊಂದು ವಿಷಯ ಇದೆ. ಯಾನ್ ಗೆಲ್ ಎಂಬ ವಾಸ್ತುಶಿಲ್ಪಿ ಮತ್ತು ಅವರ ಜೊತೆಯವರು ಬೀದಿಯಲ್ಲಿ ನಿಂತು ಜನರನ್ನು ಎಣಿಸಿದರು. ಎಷ್ಟು ಜನ ನಡೆದು ಹೋದರು, ಎಷ್ಟು ಜನ ನಿಂತರು, ಎಷ್ಟು ಜನ ಕೂತರು ಅಂತ 1968ರಲ್ಲಿ ಬರೆದಿಟ್ಟರು. 1986ರಲ್ಲಿ ಮತ್ತೆ ಎಣಿಸಿದರು. ಹಾಗಾಗಿ ‘ಏನಾದರೂ ಬದಲಾಗಿದೆಯಾ?’ ಎಂಬ ಪ್ರಶ್ನೆಗೆ ಊರಿನ ಹತ್ತಿರ ಅಂಕಿಯಲ್ಲೇ ಉತ್ತರ ಇತ್ತು.

ಇನ್ನು ನಿಂತು ಹೋದ ಕೆಲಸಕ್ಕೆ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಉದಾಹರಣೆ. ಊರಿನ ನಡುವೆ ದೊಡ್ಡ ಶಾಪಿಂಗ್ ಸೆಂಟರ್ ಕಟ್ಟುತ್ತೇವೆ ಅಂತ 2004ರಲ್ಲಿ ಹಳೇ ಕಟ್ಟಡಗಳನ್ನು ಕೆಡವಲು ಶುರು ಮಾಡಿದರು. 2008ರ ಆರ್ಥಿಕ ಕುಸಿತದ ಹೊತ್ತಿಗೆ ಕೆಲಸ ನಿಂತಿತು. ಪೇಟೆಯ ನಟ್ಟನಡುವೆ ಒಂದು ದೊಡ್ಡ ಗುಂಡಿ ವರ್ಷಗಟ್ಟಲೆ ಹಾಗೇ ಉಳಿಯಿತು. ಜನ ಅದನ್ನು ಊರಿನ ಎದೆಯಲ್ಲಿನ ತೂತು ಅಂತಲೇ ಕರೆದರು. ಸೆಂಟರ್ ತೆರೆದದ್ದು 2015ರ ನವೆಂಬರ್‌ನಲ್ಲಿ. ಕೆಡವುವುದಕ್ಕೆ ತಿಂಗಳು ಸಾಕು, ಕಟ್ಟುವುದಕ್ಕೆ ದುಡ್ಡು, ಬಾಡಿಗೆದಾರರು, ಮಾರುಕಟ್ಟೆ ಎಲ್ಲ ಕೂಡಿಬರಬೇಕು. ನಿಮ್ಮಲ್ಲಿ ಯಾರಾದರೂ ‘ಮೊದಲು ಕೆಡವಿಬಿಡೋಣ’ ಅಂದರೆ ಅಲ್ಲೇ ತಡೆದು ಕೇಳಿ. ಕಟ್ಟುವ ದುಡ್ಡು ಕೈಗೆ ಬಂದಿದೆಯಾ? ಕಟ್ಟುವ ಕಂಪನಿ ಅರ್ಧಕ್ಕೆ ಬಿಟ್ಟರೆ ಜಾಗ ಯಾರ ಪಾಲಿಗೆ ಬರುತ್ತದೆ? ಈ ಎರಡು ಪ್ರಶ್ನೆಗೆ ಬರಹದಲ್ಲಿ ಉತ್ತರ ಇಲ್ಲದೆ ಒಂದು ಗೋಡೆಯನ್ನೂ ಕೆಡವಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಬೀಗ ಬಿದ್ದ ಅಂಗಡಿಗಳ ವಿಷಯಕ್ಕೆ ಬರೋಣ. ಜಾಸ್ತಿ ಗೊಂದಲ ಇರುವುದು ಇಲ್ಲೇ. ‘ಅಂಗಡಿ ಖಾಲಿ ಇದ್ದರೆ ಮಾಲೀಕ ಬಾಡಿಗೆ ಇಳಿಸಬೇಕಲ್ವಾ? ಯಾಕೆ ಸುಮ್ನೆ ಬೀಗ ಹಾಕಿ ಕೂರುತ್ತಾನೆ?’ ಅಂತ ಎಲ್ಲರೂ ಕೇಳುತ್ತಾರೆ. ಇದಕ್ಕೆ ಕಾರಣ ಕಟ್ಟಡದ ಬೆಲೆ ಕಟ್ಟುವ ರೀತಿಯಲ್ಲಿದೆ. ವಾಣಿಜ್ಯ ಕಟ್ಟಡದ ಬೆಲೆ ನಿಂತಿರುವುದು ಅದರಿಂದ ಬರಬಹುದಾದ ಬಾಡಿಗೆಯ ಮೇಲೆ. ವರ್ಷದ ಬಾಡಿಗೆ ನೂರು ಇದ್ದು, ಬೆಲೆ ಅದರ ಹದಿನೈದು ಪಟ್ಟು ಅಂತ ಇಟ್ಟುಕೊಳ್ಳಿ. ಕಾಗದದ ಮೇಲೆ ಕಟ್ಟಡ ಸಾವಿರದ ಐನೂರು ಬೆಲೆ ಬಾಳುತ್ತದೆ. ಆ ಬೆಲೆ ತೋರಿಸಿ ಮಾಲೀಕ ಬ್ಯಾಂಕಿನಲ್ಲಿ ಸಾಲ ಮಾಡಿರುತ್ತಾನೆ. ಬಾಡಿಗೆಯನ್ನು ಅರವತ್ತಕ್ಕೆ ಇಳಿಸಿದ ದಿನವೇ ಕಟ್ಟಡದ ಬೆಲೆ ಒಂಬೈನೂರಕ್ಕೆ ಬೀಳುತ್ತದೆ. ಆಗ ಬ್ಯಾಂಕು ಬಾಗಿಲು ತಟ್ಟಬಹುದು. ಖಾಲಿ ಬಿಟ್ಟರೆ ‘ನೂರಕ್ಕೆ ಬಾಡಿಗೆದಾರ ಸಿಗುತ್ತಾನೆ, ಕಾಯುತ್ತಿದ್ದೇನೆ’ ಎನ್ನಬಹುದು. ಅಂದರೆ ಬೀಗ ಹಾಕುವುದರಿಂದ ಅವನಿಗೆ ಸಣ್ಣ ನಷ್ಟ, ಬಾಡಿಗೆ ಇಳಿಸಿದರೆ ದೊಡ್ಡ ನಷ್ಟ. ಪಕ್ಕದ ಅಂಗಡಿಯವರಿಗೆ, ಬೀದಿಗೆ, ಊರಿಗೆ ಆಗುವ ನಷ್ಟ ಅವನ ಲೆಕ್ಕದಲ್ಲಿ ಬರುವುದೇ ಇಲ್ಲ.

ಮಾಲೀಕರ ಸಂಖ್ಯೆಯದ್ದೂ ಒಂದು ತೊಡಕು. ಒಂದು ಶಾಪಿಂಗ್ ಮಾಲ್‌ಗೆ ಒಬ್ಬನೇ ಒಡೆಯ. ಹಳೇ ಪೇಟೆ ಬೀದಿಗೆ ನೂರಾರು ಜನ. ಕೆಲವರು ಬೇರೆ ದೇಶದಲ್ಲಿರುತ್ತಾರೆ. ಕೆಲವು ಕಟ್ಟಡ ಅಣ್ಣ ತಮ್ಮಂದಿರ ವ್ಯಾಜ್ಯದಲ್ಲಿ ಸಿಕ್ಕಿರುತ್ತವೆ. ಕೆಲವನ್ನು ಯಾವುದೋ ಹೂಡಿಕೆ ಸಂಸ್ಥೆ ಕೊಂಡಿರುತ್ತದೆ, ಅದರ ಮಂದಿ ಬೀದಿಯನ್ನು ಕಣ್ಣಿಂದ ನೋಡಿಯೂ ಇರುವುದಿಲ್ಲ. ಹೀಗಿರುವಾಗ ಕೌನ್ಸಿಲರ್ ಒಬ್ಬರೇ ಏನು ಮಾಡಿಯಾರು ಅಂತ ನಿಮಗೆ ಅನ್ನಿಸಬಹುದು. ಮಾಡಬಹುದು. ಇಂಗ್ಲೆಂಡಿನಲ್ಲಿ 2024ರ ಡಿಸೆಂಬರ್ 2ರಿಂದ ಒಂದು ನಿಯಮ ಜಾರಿಗೆ ಬಂದಿದೆ. ಎರಡು ವರ್ಷದ ಅವಧಿಯಲ್ಲಿ 365 ದಿನಕ್ಕಿಂತ ಹೆಚ್ಚು ಖಾಲಿ ಇದ್ದ ಪೇಟೆ ಅಂಗಡಿಯನ್ನು ಬಾಡಿಗೆಗೆ ಹರಾಜು ಹಾಕುವ ಅಧಿಕಾರ ಈಗ ಅಲ್ಲಿನ ಸ್ಥಳೀಯ ಸಂಸ್ಥೆಗಳಿಗೆ ಇದೆ. ಒಂದರಿಂದ ಐದು ವರ್ಷದ ಗುತ್ತಿಗೆ. ಮಾಲೀಕತ್ವ ಹೋಗುವುದಿಲ್ಲ, ಬೀಗ ಮಾತ್ರ ತೆಗೆಯಬೇಕಾಗುತ್ತದೆ. ಈ ಅಧಿಕಾರ ಬಳಸುವುದು ಕಡ್ಡಾಯವಲ್ಲ. ಬಳಸುತ್ತೀರಾ ಇಲ್ಲವಾ, ಇಲ್ಲ ಅಂದರೆ ಯಾಕೆ ಅಂತ ಕೇಳಬಹುದು, ಅಷ್ಟೇ. ನಿಮ್ಮಲ್ಲಿ ಇಂಥ ನಿಯಮ ಇಲ್ಲದೆಯೂ ಇರಬಹುದು. ಆದರೆ ಖಾಲಿ ಕಟ್ಟಡಕ್ಕೆ ಎಷ್ಟು ತೆರಿಗೆ, ಶಿಥಿಲ ಗೋಡೆಗೆ ನೋಟಿಸ್ ಕೊಟ್ಟಿದ್ದಾರಾ, ಮೇಲಿನ ಮಹಡಿಯಲ್ಲಿ ಮನೆ ಮಾಡಲು ಅನುಮತಿ ಸಿಗುತ್ತದಾ ಎಂಬಂಥ ತೀರ್ಮಾನಗಳಲ್ಲಿ ಕೆಲವಾದರೂ ಸಾಮಾನ್ಯವಾಗಿ ಸ್ಥಳೀಯ ಸಂಸ್ಥೆಯ ಕೈಯಲ್ಲೇ ಇರುತ್ತವೆ. ಇವಕ್ಕೆ ಕೋಟಿಗಟ್ಟಲೆ ದುಡ್ಡು ಬೇಡ. ದೊಡ್ಡ ಅನುದಾನ ಬರಲಿ ಅಂತ ಕಾಯುತ್ತಾ ಇವನ್ನೂ ಮಾಡದೆ ಕೂತಿದ್ದರೆ, ಅದು ನಿಧಾನ ಅಲ್ಲ, ಉದಾಸೀನ.

ದುಡ್ಡಿನ ಮಾತು. ಪತ್ರಿಕೆಯಲ್ಲಿ ‘ಪೇಟೆಗೆ ಇಷ್ಟು ಕೋಟಿ’ ಅಂತ ಬಂದಾಗ ಜನ ದುಡ್ಡು ಬಂತು ಅಂದುಕೊಳ್ಳುತ್ತಾರೆ. ಘೋಷಣೆ ಆಗುವುದು ಒಂದು ಹಂತ. ಮಂಜೂರಾಗುವುದು ಇನ್ನೊಂದು. ಬಿಡುಗಡೆ ಆಗುವುದು ಮತ್ತೊಂದು. ಆಮೇಲೆ ಟೆಂಡರ್, ಕಾರ್ಯಾದೇಶ, ಕೆಲಸ, ಬಿಲ್ಲು. ಒಂದೊಂದು ಹಂತದ ನಡುವೆಯೂ ವರ್ಷ ಜಾರಬಹುದು. ಬ್ರಿಟನ್ನಿನಲ್ಲಿ ಹಿಂದುಳಿದ ಊರುಗಳನ್ನು ಮೇಲೆತ್ತಲು ಮೂರು ನಿಧಿ ಸೇರಿ 1,047 ಕೋಟಿ ಪೌಂಡ್ ಕೊಡುವುದಾಗಿ ಸರ್ಕಾರ ಹೇಳಿತ್ತು. ಅಲ್ಲಿನ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ 2024ರ ಮಾರ್ಚ್‌ನಲ್ಲಿ ಲೆಕ್ಕ ತೆಗೆದು ನೋಡಿತು. 2023ರ ಸೆಪ್ಟೆಂಬರ್‌ವರೆಗೆ ಸ್ಥಳೀಯ ಸಂಸ್ಥೆಗಳು ನಿಜವಾಗಿ ಖರ್ಚು ಮಾಡಿದ್ದು 124 ಕೋಟಿ ಪೌಂಡ್ ಮಾತ್ರ. ನೂರಕ್ಕೆ ಹನ್ನೆರಡರಷ್ಟು. ಯೋಜನೆಯ ಅರ್ಧಕ್ಕೂ ಹೆಚ್ಚು ಅವಧಿ ಆಗಲೇ ಮುಗಿದಿತ್ತು. ಇಷ್ಟೆಲ್ಲ ವ್ಯವಸ್ಥೆ ಇರುವ ದೇಶದಲ್ಲೇ ಹೀಗೆ. ಹಾಗಾಗಿ ನಿಮ್ಮ ಊರಿನಲ್ಲಿ ತಡ ಆಯಿತು ಅಂದ ಕೂಡಲೇ ಯಾರೋ ತಿಂದರು ಅಂತ ತೀರ್ಮಾನಕ್ಕೆ ಬರಬೇಡಿ. ತಿಂದಿರಲೂಬಹುದು. ಆದರೆ ಮೊದಲು ದುಡ್ಡು ಯಾವ ಹಂತದಲ್ಲಿ ನಿಂತಿದೆ ಅಂತ ತಿಳಿದುಕೊಳ್ಳಿ. ಬಿಡುಗಡೆಯೇ ಆಗದಿದ್ದರೆ ಮೇಲಿನ ಸರ್ಕಾರವನ್ನು ಕೇಳಬೇಕು. ಬಿಡುಗಡೆಯಾಗಿ ಟೆಂಡರ್ ಆಗದಿದ್ದರೆ ಸ್ಥಳೀಯ ಸಂಸ್ಥೆಯನ್ನು ಕೇಳಬೇಕು. ಕೆಲಸ ಕೊಟ್ಟ ಮೇಲೆ ನಿಂತಿದ್ದರೆ ಗುತ್ತಿಗೆದಾರನಿಗೆ ಏನು ದಂಡ ಹಾಕಿದಿರಿ ಅಂತ ಕೇಳಬೇಕು. ಪ್ರಶ್ನೆ ತಪ್ಪು ಬಾಗಿಲಿಗೆ ಹೋದರೆ ಉತ್ತರ ತಪ್ಪಿಸಿಕೊಳ್ಳುವುದು ಬಹಳ ಸುಲಭ.

ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ. ಅನುದಾನ ಬರುವುದು ಕಟ್ಟುವುದಕ್ಕೆ. ನೋಡಿಕೊಳ್ಳುವುದಕ್ಕೆ ಬರುವುದಿಲ್ಲ. ಕಲ್ಲುಹಾಸು, ಚಂದದ ದೀಪದ ಕಂಬ, ಬೆಂಚು ಎಲ್ಲ ಬರುತ್ತದೆ. ಎರಡು ವರ್ಷದಲ್ಲಿ ನೀರಿನ ಪೈಪಿಗೋ ಕೇಬಲ್ಲಿಗೋ ಕಲ್ಲು ಅಗೆಯುತ್ತಾರೆ. ಮುಚ್ಚುವಾಗ ಡಾಂಬರಿನ ತೇಪೆ ಹಾಕಿ ಹೋಗುತ್ತಾರೆ. ದೀಪ ಕೆಟ್ಟರೆ ಆ ಮಾದರಿಯ ಬಲ್ಬು ಸಿಗುವುದಿಲ್ಲ. ಗುಡಿಸುವವರ ಸಂಖ್ಯೆ ಮೊದಲಿನಷ್ಟೇ. ಇಂಥ ಕಡತಗಳನ್ನು ಓದುವುದೇ ನನ್ನ ಕೆಲಸ. ಉದ್ಘಾಟನೆಯ ಮರುದಿನದಿಂದ ಯಾರು ನೋಡಿಕೊಳ್ಳುತ್ತಾರೆ, ಯಾವ ಲೆಕ್ಕದ ಶೀರ್ಷಿಕೆಯಿಂದ ದುಡ್ಡು ಎನ್ನುವ ಪುಟ ಎಷ್ಟೋ ಕಡತಗಳಲ್ಲಿ ಇರುವುದೇ ಇಲ್ಲ. ನಿಮ್ಮ ಊರಿನ ಯೋಜನೆಯಲ್ಲಿ ಆ ಪುಟ ಇದೆಯಾ ನೋಡಿ. ಇಲ್ಲದಿದ್ದರೆ ಅದನ್ನು ಬರೆಸಿ. ಒಂದು ಬೆಂಚಿನ ಫೋಟೋಗಿಂತ ಆ ಪುಟ ಮುಖ್ಯ.

‘ಯಾರನ್ನು ಕೇಳಬೇಕು’ ಎಂಬ ನಿಮ್ಮ ಪ್ರಶ್ನೆ ಕಷ್ಟವಾಗಿರುವುದಕ್ಕೆ ಕಾರಣ ಇದೆ. ಪೇಟೆಯ ಕೆಲಸ ಒಬ್ಬರ ಕೈಯಲ್ಲಿ ಇರುವುದಿಲ್ಲ. ರಸ್ತೆ ಒಂದು ಇಲಾಖೆಯದು, ಚರಂಡಿ ಇನ್ನೊಂದರದು, ಕಟ್ಟಡ ಖಾಸಗಿಯವರದು, ಅನುದಾನ ಮೇಲಿನದು, ಜನರ ಬೈಗುಳ ಮಾತ್ರ ವಾರ್ಡಿನ ಕೌನ್ಸಿಲರ್‌ದು. ಅಧಿಕಾರಿ ವರ್ಗವಾಗಿ ಹೋಗುತ್ತಾರೆ, ಹೊಸಬರು ಬಂದು ಮೊದಲಿನಿಂದ ಶುರು ಮಾಡುತ್ತಾರೆ. ಎಲ್ಲರೂ ಒಬ್ಬರ ಕಡೆ ಒಬ್ಬರು ಕೈ ತೋರಿಸುತ್ತಾರೆ, ಎಲ್ಲರ ಮಾತಿನಲ್ಲೂ ಸ್ವಲ್ಪ ನಿಜ ಇರುತ್ತದೆ. ಸ್ಪೇನಿನ ಬಿಲ್ಬಾವೊ ಊರು ಇದಕ್ಕೆ ಒಂದು ದಾರಿ ಹುಡುಕಿತು. 1992ರಲ್ಲಿ ಬಿಲ್ಬಾವೊ ರಿಯಾ 2000 ಅಂತ ಒಂದು ಸಾರ್ವಜನಿಕ ಸಂಸ್ಥೆ ಮಾಡಿ, ಕೇಂದ್ರ ಸರ್ಕಾರದವರನ್ನೂ ಬಾಸ್ಕ್ ಪ್ರಾಂತ್ಯದ ಸಂಸ್ಥೆಗಳನ್ನೂ ಊರಿನವರನ್ನೂ ಒಂದೇ ಮೇಜಿಗೆ ತಂದರು. ಅಲ್ಲಿ 1997ರಲ್ಲಿ ತೆರೆದ ಗುಗೆನ್‌ಹೈಮ್ ಮ್ಯೂಸಿಯಮ್ಮಿನಿಂದಲೇ ಊರು ಬದಲಾಯಿತು ಅಂತ ಜನ ಅಂದುಕೊಳ್ಳುತ್ತಾರೆ. ಮೆಟ್ರೊ ಅದಕ್ಕೂ ಮೊದಲೇ, 1995ರಲ್ಲಿ ಬಂದಿತ್ತು. ನದಿಯ ಕೊಳಕು ತೆಗೆಯುವ ಕೆಲಸ ಅದಕ್ಕೂ ಹಿಂದಿನದು. ಇಂಥ ಪ್ರತ್ಯೇಕ ಸಂಸ್ಥೆಗಳಿಗೆ ಒಂದು ಅಪಾಯವೂ ಇದೆ, ಹೇಳಲೇಬೇಕು. ಎಲ್ಲ ತೀರ್ಮಾನ ಮುಚ್ಚಿದ ಕೋಣೆಗೆ ಹೋಗಿಬಿಡುತ್ತದೆ. ಹಾಗಾಗಿ ನಿಮ್ಮಲ್ಲಿ ಇಂಥ ಮಂಡಳಿ ಇದ್ದರೆ ಅದರ ಸಭೆಯ ನಡಾವಳಿ ಜನರಿಗೆ ಸಿಗುತ್ತದಾ ಅಂತ ಮೊದಲು ನೋಡಿ.

ರಾಜಕಾರಣಿಗಳ ಸಮಯವೂ ಪೇಟೆಯ ಸಮಯವೂ ಹೊಂದುವುದಿಲ್ಲ. ಅವರಿಗೆ ನಾಲ್ಕೈದು ವರ್ಷದಲ್ಲಿ ಕಾಣುವಂಥದ್ದು ಬೇಕು. ಅದಕ್ಕೇ ಹೊಸಬರು ಬಂದಾಗ ಹೊಸ ನಕ್ಷೆ. ಹಳೇ ನಕ್ಷೆಗೆ ಹಿಂದಿನವರ ಹೆಸರು ಅಂಟಿರುತ್ತದೆ. ಹಾಗಂತ ಇದು ಎಲ್ಲ ಕಡೆಯೂ ಹೀಗೇ ಆಗಬೇಕಿಲ್ಲ. ಸ್ಪೇನಿನದೇ ಪೊಂಟೆವೆಡ್ರಾ ಸುಮಾರು 83,000 ಜನರ ಊರು. 1999ರಲ್ಲಿ ಮಿಗೆಲ್ ಅಂಶೊ ಫೆರ್ನಾಂಡೆಸ್ ಲೋರೆಸ್ ಮೇಯರ್ ಆದರು. ಮೊದಲ ಕೆಲವು ವಾರಗಳಲ್ಲೇ ಹಳೇ ಊರಿನ ಒಳಗಿನ ಬೀದಿಗಳನ್ನು ನಡೆಯುವವರಿಗೆ ಬಿಟ್ಟರು. ಉಳಿದ ಕೆಲಸ ವರ್ಷ ವರ್ಷ ನಡೆಯಿತು. ವಿರೋಧ ಬಂತು, ಆದರೆ ಮುಂದಿನ ಚುನಾವಣೆ ಹೊತ್ತಿಗೆ ಜನರ ಕಣ್ಣ ಮುಂದೆ ಕೆಲಸ ಇತ್ತು. 2023ರಲ್ಲಿ ಅವರು ಏಳನೇ ಸಲ ಮೇಯರ್ ಆದರು. ಮೊದಲೇ ಒಂದು ಭಾಗ ಮಾಡಿ ತೋರಿಸಿದ್ದರಿಂದ ಉಳಿದದ್ದಕ್ಕೆ ಕಾಯಲು ಜನ ಒಪ್ಪಿದರು. ನಿಮ್ಮ ಊರಿನವರು ಮಾಡಿರುವುದು ಇದರ ತಿರುವುಮುರುವು. ಇಡೀ ಪೇಟೆಯ ಚಿತ್ರ ತೋರಿಸಿ, ಒಂದು ಓಣಿಯನ್ನೂ ಮಾಡಲಿಲ್ಲ.

ಸೋಲನ್ನು ಒಪ್ಪಿಕೊಂಡ ಊರಿನ ಕಥೆಯನ್ನೂ ಕೇಳಿ. ಇಂಗ್ಲೆಂಡಿನ ಪ್ರೆಸ್ಟನ್ ಊರು ಟೈತ್‌ಬಾರ್ನ್ ಎಂಬ 70 ಕೋಟಿ ಪೌಂಡಿನ ಪೇಟೆ ಯೋಜನೆಯನ್ನು ವರ್ಷಗಟ್ಟಲೆ ನೆಚ್ಚಿಕೊಂಡಿತ್ತು. 2011ರ ನವೆಂಬರ್‌ನಲ್ಲಿ ಅದರ ಮುಖ್ಯ ಮಳಿಗೆ ಆಗಬೇಕಿದ್ದ ಕಂಪನಿ ಹಿಂದೆ ಸರಿಯಿತು. ಯೋಜನೆ ಬಿದ್ದುಹೋಯಿತು. ಆಗ ಅವರು ಇನ್ನೊಬ್ಬ ದೊಡ್ಡ ಬಿಲ್ಡರ್‌ಗೆ ಕಾಯುತ್ತಾ ಕೂರಲಿಲ್ಲ. ಊರಿನಲ್ಲಿ ಈಗಾಗಲೇ ಓಡಾಡುತ್ತಿರುವ ದುಡ್ಡು ಎಲ್ಲಿ ಹೋಗುತ್ತಿದೆ ಅಂತ ನೋಡಿದರು. ಸ್ಥಳೀಯ ಸಂಸ್ಥೆ, ಪೊಲೀಸ್, ಕಾಲೇಜು ಮುಂತಾದ ದೊಡ್ಡ ಸಂಸ್ಥೆಗಳ ಖರೀದಿಯಲ್ಲಿ ಪ್ರೆಸ್ಟನ್‌ನ ಒಳಗೇ ಖರ್ಚಾಗುತ್ತಿದ್ದದ್ದು 2012–13ರಲ್ಲಿ ಸುಮಾರು 3.8 ಕೋಟಿ ಪೌಂಡ್. ಟೆಂಡರ್‌ಗಳನ್ನು ಸಣ್ಣ ತುಂಡು ಮಾಡಿ, ಊರಿನವರೂ ಹಾಕುವ ಹಾಗೆ ಮಾಡಿದರು. 2016–17ಕ್ಕೆ ಅದು 11.1 ಕೋಟಿ ಆಯಿತು. ಹಳೇ ಮಾರುಕಟ್ಟೆಯನ್ನು ಕೆಡವದೆ ಸರಿಪಡಿಸಿ 2018ರಲ್ಲಿ ತೆರೆದರು. ಇದರಿಂದ ಊರಿನ ಎಲ್ಲ ಕಷ್ಟ ತೀರಿತು ಅಂತ ನಾನು ಹೇಳುವುದಿಲ್ಲ. ಆದರೆ ‘ಆ ಯೋಜನೆ ಆಗುವುದಿಲ್ಲ’ ಅಂತ ತಿಳಿದ ಮೇಲೆಯೇ ಬೇರೆ ಯೋಚನೆ ಹುಟ್ಟಿತು. ನಿಮ್ಮ ಊರಿನಲ್ಲೂ ಯಾರಾದರೂ ಹೀಗೆ ನೇರವಾಗಿ ಹೇಳಿದರೆ, ದಯವಿಟ್ಟು ಅವರ ಮೇಲೆ ಮುಗಿಬೀಳಬೇಡಿ. ಸತ್ಯ ಹೇಳಿದವರಿಗೆ ಪೆಟ್ಟು ಬಿದ್ದರೆ ಮುಂದೆ ಎಲ್ಲರೂ ನಕ್ಷೆಯನ್ನೇ ತೋರಿಸುತ್ತಾರೆ.

ಹಾಗಾದರೆ ಎರಡು ಚುನಾವಣೆಗಳ ನಡುವೆ ಲೆಕ್ಕ ಕೇಳುವುದು ಹೇಗೆ? ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಬಜೆಟ್ಟಿನ ಒಂದು ಭಾಗವನ್ನು ಜನರ ಸಭೆಯಲ್ಲಿ ತೀರ್ಮಾನಿಸಲು ಶುರು ಮಾಡಿತು. ಎಲ್ಲರೂ ‘ಜನರೇ ಬಜೆಟ್ ಮಾಡಿದರು’ ಎನ್ನುವುದನ್ನು ಹೊಗಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಬೇರೆ. ವರ್ಷಕ್ಕೊಂದು ಪುಸ್ತಿಕೆ ಬರುತ್ತಿತ್ತು, ಅದರಲ್ಲಿ ಯಾವ ಬಡಾವಣೆಗೆ ಯಾವ ಕೆಲಸ ಅಂತ ಒಂದೊಂದಾಗಿ ಅಚ್ಚಾಗಿರುತ್ತಿತ್ತು. ಮುಂದಿನ ವರ್ಷದ ಸಭೆ ಶುರುವಾಗುತ್ತಿದ್ದದ್ದೇ ಹಿಂದಿನ ಪಟ್ಟಿಯಲ್ಲಿ ಏನಾಯಿತು, ಏನಾಗಲಿಲ್ಲ ಎಂಬ ಲೆಕ್ಕದಿಂದ.

ನೀವು ಇದನ್ನೇ ಸಣ್ಣದಾಗಿ ಮಾಡಿ. ನಾಲ್ಕೈದು ಅಂಗಡಿಯವರು, ಬೀದಿಯಲ್ಲಿ ವಾಸ ಇರುವವರು, ಒಬ್ಬಿಬ್ಬರು ಕಾಲೇಜು ಹುಡುಗರು ಸೇರಿದರೆ ಸಾಕು. ಮೊದಲು ಎಣಿಸಿ. ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು, ತೆರೆದ ಅಂಗಡಿ ಎಷ್ಟು, ಬೀಗ ಎಷ್ಟು, ಉರಿಯದ ದೀಪ ಎಷ್ಟು ಬರೆದುಕೊಳ್ಳಿ. ಒಂದು ಕೆಲಸದ ದಿನ, ಒಂದು ರಜಾ ದಿನ, ಒಂದೇ ಜಾಗದಲ್ಲಿ ನಿಂತು ಒಂದು ಗಂಟೆಯಲ್ಲಿ ಎಷ್ಟು ಜನ ಹೋದರು ಅಂತ ಲೆಕ್ಕ ಹಾಕಿ. ಆರು ತಿಂಗಳಿಗೊಮ್ಮೆ ಅದೇ ಜಾಗ, ಅದೇ ಹೊತ್ತು. ಎಷ್ಟೋ ಊರುಗಳಲ್ಲಿ ಅಧಿಕಾರಿಗಳ ಹತ್ತಿರವೂ ಈ ಅಂಕಿ ಇರುವುದಿಲ್ಲ. ಅಂಕಿ ಇಟ್ಟುಕೊಂಡು ಮಾತಾಡುವವರನ್ನು ಸುಲಭಕ್ಕೆ ವಾಪಸ್ ಕಳಿಸಲಾಗುವುದಿಲ್ಲ.

ಆಮೇಲೆ ಹತ್ತು ವರ್ಷದ ಎಲ್ಲ ಘೋಷಣೆಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಮುಂದೆ ಮಂಜೂರಾದ ದಿನ, ಬಿಡುಗಡೆಯಾದ ದುಡ್ಡು, ಕಾರ್ಯಾದೇಶದ ದಿನ, ಆದ ಖರ್ಚು, ಈಗ ಹೊಣೆ ಯಾರದು ಅಂತ ಜಾಗ ಬಿಡಿ. ಖಾಲಿ ಜಾಗ ತುಂಬಿಸಲು ಮಾಹಿತಿ ಹಕ್ಕಿನ ಕಾನೂನು ಬಳಸಿ. ಸ್ವೀಡನ್ನಿನಲ್ಲಿ ಇಂಥ ಕಾನೂನು 1766ರಿಂದ ಇದೆ, ಭಾರತದಲ್ಲೂ ಬ್ರಿಟನ್ನಿನಲ್ಲೂ 2005ರಲ್ಲಿ ಜಾರಿಗೆ ಬಂತು. ಅರ್ಜಿಯಲ್ಲಿ ‘ಯಾಕೆ ತಡ?’ ಅಂತ ಬರೆಯಬೇಡಿ, ಅದಕ್ಕೆ ಪ್ರಬಂಧ ಬರುತ್ತದೆ. ಇಂಥ ದಿನಾಂಕದ ಕಾರ್ಯಾದೇಶದ ಪ್ರತಿ ಕೊಡಿ, ಇಂಥ ಕಾಮಗಾರಿಯ ಕೊನೆಯ ಬಿಲ್ಲಿನ ಪ್ರತಿ ಕೊಡಿ ಅಂತ ಬರೆಯಿರಿ. ದಾಖಲೆ ಇಲ್ಲ ಅಂತ ಬಂದರೂ ಅದು ಬರಹದಲ್ಲಿ ಸಿಕ್ಕ ಉತ್ತರವೇ. ತುಂಬಿದ ಹಾಳೆಯನ್ನು ಪೇಟೆಯಲ್ಲಿ ಎಲ್ಲರಿಗೂ ಕಾಣುವ ಕಡೆ ಅಂಟಿಸಿ. ಒಂದು ಪ್ರತಿಯನ್ನು ಆಡಳಿತ ಪಕ್ಷದವರಿಗೂ, ಒಂದನ್ನು ವಿರೋಧ ಪಕ್ಷದವರಿಗೂ, ಒಂದನ್ನು ಅಧಿಕಾರಿಗೂ ಕೊಡಿ. ಯಾರಿಗೂ ಮೊದಲು ಕೊಡಬೇಡಿ, ಒಂದೇ ದಿನ ಕೊಡಿ. ಹಾಳೆ ಒಂದು ಪಕ್ಷದ್ದು ಅಂತ ಆದರೆ ಅದರ ಬೆಲೆ ಅಲ್ಲಿಗೆ ಮುಗಿಯಿತು.

ಇವರನ್ನು ಸೋಲಿಸಿದರೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ. ಸೋಲಿಸುವುದು ನಿಮ್ಮ ಹಕ್ಕು. ಆದರೆ ಗೆದ್ದು ಬಂದವರು ಮತ್ತೊಂದು ಹೊಸ ನಕ್ಷೆ ಮಾಡಿಸಿದರೆ ಇನ್ನೂ ಐದು ವರ್ಷ ಹೋಗುತ್ತದೆ. ಹಾಗಾಗಿ ಮತ ಕೇಳಲು ಬರುವ ಪ್ರತಿಯೊಬ್ಬರ ಕೈಗೂ ಆ ಹಾಳೆ ಕೊಡಿ. ಇದರಲ್ಲಿ ಯಾವ ಸಾಲನ್ನು ಮುಂದುವರಿಸುತ್ತೀರಿ, ಯಾವುದನ್ನು ಬಿಡುತ್ತೀರಿ, ಗೆದ್ದ ಮೊದಲ ವರ್ಷ ಯಾವುದನ್ನು ಮುಗಿಸುತ್ತೀರಿ ಅಂತ ಗುರುತು ಹಾಕಿ ಸಹಿ ಮಾಡಿಸಿ. ಆಮೇಲೆ ಒಂದು ವರ್ಷ ಆದ ದಿನ, ಗೆದ್ದವರು ಯಾರೇ ಆಗಿರಲಿ, ಅದೇ ಹಾಳೆ ಹಿಡಿದು ಸಭೆಗೆ ಹೋಗಿ.